ಚರ್ಚೆಗೆ ಹೋಗಬೇಕಾ, ಬಿಡಬೇಕಾ? ಕರಾವಳಿಯ ಅಭ್ಯರ್ಥಿಗಳಿಗೂ ಅವರ ಜೊತೆಗಿರುವವರಿಗೂ ಒಂದು ಮಾರ್ಗದರ್ಶಿ

ಮತದಾನಕ್ಕೆ ಇನ್ನು ಒಂಬತ್ತು ದಿನ. ಮಂಗಳೂರಿನ ಒಂದು ವಾರ್ಡಿನ ಸಭಾಭವನ. ವೇದಿಕೆ ಮೇಲೆ ಮೂರು ಕುರ್ಚಿ, ಮೂರು ಮೈಕ್. ಎರಡು ಕುರ್ಚಿಯಲ್ಲಿ ಅಭ್ಯರ್ಥಿಗಳು ಕೂತಿದ್ದರು. ಮೂರನೆಯದರ ಬೆನ್ನಿಗೆ ಹೆಸರು ಬರೆದ ಬಿಳಿ ಹಾಳೆ ಅಂಟಿಸಿದ್ದರು. ಅದರ ಒಂದು ಮೂಲೆ ಬಿಟ್ಟುಕೊಂಡು ಫ್ಯಾನಿನ ಗಾಳಿಗೆ ಪಟಪಟ ಅನ್ನುತ್ತಿತ್ತು. ಮಾತಾಡುತ್ತಿದ್ದವರನ್ನು ಬಿಟ್ಟು ಜನ ಆ ಹಾಳೆಯನ್ನೇ ನೋಡುತ್ತಿದ್ದರು.

ಬಾರದೆ ಇದ್ದ ಆ ಅಭ್ಯರ್ಥಿಯ ಕಡೆಯವನು ನಾನು. ಅವರ ದಿನದ ಕಾರ್ಯಕ್ರಮ ನೋಡಿಕೊಳ್ಳುವ ಕೆಲಸ ನನ್ನದು. "ಜ್ವರ, ಬರೋದಕ್ಕೆ ಆಗ್ತಿಲ್ಲ" ಅಂತ ಸಂಘಟಕರಿಗೆ ಅರ್ಧ ಗಂಟೆ ಮೊದಲು ಮೆಸೇಜ್ ಹಾಕಿದವನೂ ನಾನೇ. ಮುಂದಿನ ಸಾಲಿನಲ್ಲಿ ಮೀನು ಮಾರುವ ಅಕ್ಕ ಒಬ್ಬರು ಕೂತಿದ್ದರು. "ಪಾಪ, ಈ ಸೆಕೆಯಲ್ಲಿ ಮನೆ ಮನೆ ತಿರುಗಿದರೆ ಜ್ವರ ಬಾರದೆ ಇರ್ತದಾ" ಅಂದರು. ರಾತ್ರಿ ಹತ್ತು ಗಂಟೆಗೆ ಯಾರದೋ ವಾಟ್ಸ್‌ಆ್ಯಪ್ ಸ್ಟೇಟಸ್‌ನಲ್ಲಿ ಒಂದು ಫೋಟೊ ಬಂತು. ನಮ್ಮ ಅಭ್ಯರ್ಥಿ ಮೆಹಂದಿ ಮನೆಯೊಂದರಲ್ಲಿ ನಗುತ್ತಾ ನಿಂತಿದ್ದರು. ಮರುದಿನ ಮತ ಕೇಳಲು ಆ ಅಕ್ಕನ ಮನೆಗೆ ಹೋದೆವು. ಅವರು ಬೈಯಲಿಲ್ಲ. "ಜ್ವರ ಬಿಟ್ಟಿತಾ?" ಅಂತ ಮಾತ್ರ ಕೇಳಿದರು.

ಆ ಚುನಾವಣೆ ಸೋತೆವು. ಅದೊಂದರಿಂದಲೇ ಸೋತದ್ದು ಅಂತ ಹೇಳಲಾರೆ. ಆದರೆ ಆ ಪ್ರಶ್ನೆ ಇವತ್ತಿಗೂ ಕಿವಿಯಲ್ಲಿದೆ. ಆಮೇಲೆ ಪಂಚಾಯತ್ ಚುನಾವಣೆಯಿಂದ ವಿಧಾನಸಭೆ ಚುನಾವಣೆಯ ತನಕ ಹಲವರ ಜೊತೆ ಕೂತು ಇದೇ ವಿಷಯಕ್ಕೆ ತಲೆ ಕೆಡಿಸಿಕೊಂಡಿದ್ದೇನೆ. ಎರಡು ಸಲ ಸಂಘಟಕರ ಕಡೆಯಿಂದಲೂ ಕೆಲಸ ಮಾಡಿದ್ದೇನೆ. ಕಲಿತದ್ದನ್ನು ಇಲ್ಲಿ ಹಂತ ಹಂತವಾಗಿ ಬರೆಯುತ್ತಿದ್ದೇನೆ.

ಮುಖ್ಯವಾದ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಚರ್ಚೆಗೆ ಹೋಗದೆ ಇರುವುದು ತಪ್ಪಲ್ಲ. ಅಭ್ಯರ್ಥಿ ಚರ್ಚೆಗೆ ಬರಲೇಬೇಕು ಅಂತ ನಮ್ಮ ದೇಶದಲ್ಲಿ ಕಾನೂನೂ ಇಲ್ಲ. ಆದರೆ ಹೋಗದಿರಲು ನಿಮಗಿರುವ ನಿಜವಾದ ಕಾರಣವನ್ನು ಮತದಾರರ ಮುಖ ನೋಡಿ ಹೇಳಲು ಆಗಬೇಕು. ಆಗುವುದಿಲ್ಲ ಅಂತಾದರೆ, ಹೋಗಿ.

ಹೆಜ್ಜೆ 1: "ನೋಡುವ" ಅನ್ನಬೇಡಿ

ನಮ್ಮ ಜಿಲ್ಲೆಗಳಲ್ಲಿ "ನೋಡುವ" (ನೋಡೋಣ) ಅಂದರೆ ಹೌದೂ ಅಲ್ಲ, ಇಲ್ಲವೂ ಅಲ್ಲ. ಮದುವೆಗೆ ಕರೆದವರಿಗೆ ಹಾಗೆ ಹೇಳಿದರೆ ನಡೆಯುತ್ತದೆ. ಚರ್ಚೆಗೆ ಕರೆದವರಿಗೆ ಹೇಳಿದರೆ ಅವರು "ಬರ್ತಾರೆ" ಅಂತಲೇ ಬರೆದುಕೊಳ್ಳುತ್ತಾರೆ. ಸಂಜೆಯೊಳಗೆ ನಿಮ್ಮ ಫೋಟೊ ಹಾಕಿದ ಪೋಸ್ಟರ್ ಎಲ್ಲ ಗ್ರೂಪಿಗೂ ಹೋಗಿರುತ್ತದೆ. ಆಮೇಲೆ ನೀವು ಹೋಗದೆ ಇದ್ದರೆ "ಕರೆದರು, ಬರಲಿಲ್ಲ" ಅಂತ ಆಗುವುದಿಲ್ಲ. "ಬರ್ತೇನೆ ಅಂದು ಕೈ ಕೊಟ್ಟರು" ಅಂತಾಗುತ್ತದೆ. ಇವೆರಡೂ ಒಂದೇ ಅಲ್ಲ, ಅಲ್ವಾ?

ಆದ್ದರಿಂದ ಫೋನ್ ಬಂದಾಗ ಇಷ್ಟು ಹೇಳಿ: "ಕರೆದದ್ದಕ್ಕೆ ಸಂತೋಷ. ವಿವರ ಬರೆದು ಕಳಿಸಿ. ನಾಳಿದ್ದು ಸಂಜೆ 5 ಗಂಟೆಯೊಳಗೆ ಬರ್ತೇವೋ ಇಲ್ವೋ ಹೇಳ್ತೇವೆ. ಅಲ್ಲಿಯ ತನಕ ಹೆಸರು ಹಾಕಬೇಡಿ." ಹೇಳಿದ ಹೊತ್ತಿಗೆ ನೀವೇ ಫೋನ್ ಮಾಡಿ. ಅವರೇ ಮಾಡಲಿ ಅಂತ ಕಾಯಬೇಡಿ.

ಹೆಜ್ಜೆ 2: ಕರೆದವರು ಯಾರು, ಯಾವ ಸಭೆ, ಯಾವ ದಿನ

ಚರ್ಚೆ ಅಂದರೆ ಎಲ್ಲವೂ ಒಂದೇ ಥರ ಇರುವುದಿಲ್ಲ. ಪತ್ರಕರ್ತರ ಸಂವಾದದಲ್ಲಿ ಒಬ್ಬೊಬ್ಬರೇ ಅಭ್ಯರ್ಥಿ ಬಂದು ಹೋಗುತ್ತಾರೆ. ಕಾಲೇಜಿನಲ್ಲಿ ಮೊದಲ ಸಲ ಮತ ಹಾಕುವ ಮಕ್ಕಳು ಪ್ರಶ್ನೆ ಕೇಳುತ್ತಾರೆ. ವಾರ್ಡಿನ ನಾಗರಿಕ ಸಮಿತಿಯ ಸಭೆಯಲ್ಲಿ ಚರಂಡಿ, ಬೀದಿ ದೀಪ, ನಾಯಿ ಕಾಟ ಬರುತ್ತದೆ. ಯೂಟ್ಯೂಬ್ ಚಾನೆಲ್‌ನವರ ಲೈವ್‌ನಲ್ಲಿ ಜಗಳ ಜಾಸ್ತಿ ಆದಷ್ಟೂ ಅವರಿಗೆ ಖುಷಿ. ಎಲ್ಲದಕ್ಕೂ ಒಂದೇ ಉತ್ತರ ಕೊಡಲು ಆಗುವುದಿಲ್ಲ.

ಇಷ್ಟನ್ನು ಬರಹದಲ್ಲಿ ತರಿಸಿಕೊಳ್ಳಿ: ನಡೆಸಿಕೊಡುವವರು ಯಾರು, ಖರ್ಚು ಯಾರದು, ಬೇರೆ ಯಾರು ಒಪ್ಪಿದ್ದಾರೆ, ಒಬ್ಬರಿಗೆ ಎಷ್ಟು ನಿಮಿಷ, ಪ್ರಶ್ನೆ ಆರಿಸುವವರು ಯಾರು, ಒಳಗೆ ಬರಲು ಪಾಸ್ ಇದೆಯಾ, ವಿಡಿಯೊ ಪೂರ್ತಿ ಹಾಕುತ್ತಾರಾ ಅಥವಾ ತುಂಡು ಮಾಡುತ್ತಾರಾ. ಚುನಾವಣಾಧಿಕಾರಿಯಿಂದ ಅನುಮತಿ ಪಡೆದಿದ್ದಾರಾ ಅಂತಲೂ ಕೇಳಿ, ಪತ್ರದ ಪ್ರತಿ ತರಿಸಿಕೊಳ್ಳಿ.

ದಿನಾಂಕದಲ್ಲಿ ಕಾನೂನಿನ ಒಂದು ಗೆರೆ ಇದೆ. ಲೋಕಸಭೆ, ವಿಧಾನಸಭೆ ಚುನಾವಣೆಯಲ್ಲಿ ಮತದಾನ ಮುಗಿಯುವ ಹೊತ್ತಿಗೆ 48 ಗಂಟೆ ಮೊದಲೇ ಬಹಿರಂಗ ಪ್ರಚಾರ ನಿಲ್ಲಬೇಕು. 1951ರ ಜನತಾ ಪ್ರಾತಿನಿಧ್ಯ ಕಾಯ್ದೆಯ 126ನೇ ಸೆಕ್ಷನ್ ಅದನ್ನು ಹೇಳುತ್ತದೆ. ಟಿವಿಯಲ್ಲಿ ಚುನಾವಣೆಯ ವಿಷಯ ತೋರಿಸುವುದಕ್ಕೂ ಅದು ಅಡ್ಡ ಬರುತ್ತದೆ. 2024ರಲ್ಲಿ ದಕ್ಷಿಣ ಕನ್ನಡ ಮತ್ತು ಉಡುಪಿ ಚಿಕ್ಕಮಗಳೂರು ಎರಡೂ ಕಡೆ ಏಪ್ರಿಲ್ 26ಕ್ಕೆ ಮತದಾನ ಇತ್ತು. ಏಪ್ರಿಲ್ 24ರ ಸಂಜೆಗೇ ಎಲ್ಲ ಮುಗಿಯಿತು. ಆ ಗೆರೆ ದಾಟುವ ಚರ್ಚೆಗೆ ಕರೆದರೆ ಯೋಚನೆಯೇ ಬೇಡ, ಹೋಗಬೇಡಿ. ಪಾಲಿಕೆ, ಪುರಸಭೆ, ಪಂಚಾಯತ್ ಚುನಾವಣೆ ನಡೆಸುವುದು ರಾಜ್ಯ ಚುನಾವಣಾ ಆಯೋಗ. ಅಲ್ಲಿಯ ನಿಯಮವನ್ನು ನಿಮ್ಮ ಚುನಾವಣಾಧಿಕಾರಿಯನ್ನೇ ಕೇಳಿ.

ಖರ್ಚಿನದ್ದು ಸಣ್ಣ ಮಾತು. ಕರ್ನಾಟಕದಲ್ಲಿ ಲೋಕಸಭೆ ಅಭ್ಯರ್ಥಿಗೆ 95 ಲಕ್ಷ, ವಿಧಾನಸಭೆಗೆ 40 ಲಕ್ಷ ರೂಪಾಯಿ ಮಿತಿ. ಚರ್ಚೆಗೆ ನಿಮ್ಮವರನ್ನು ತುಂಬಿಸಿಕೊಂಡು ಹೋಗುವ ವ್ಯಾನ್, ಬಾವುಟ ಎಲ್ಲ ನಿಮ್ಮ ಲೆಕ್ಕಕ್ಕೇ ಬರುತ್ತದೆ.

ಹೆಜ್ಜೆ 3: ನಿಜವಾದ ಕಾರಣವನ್ನು ಕಾಗದದ ಮೇಲೆ ಬರೆಯಿರಿ

ಜಾಸ್ತಿ ಹೊತ್ತು ಕೂರಬೇಕಾದದ್ದು ಇಲ್ಲಿ. ಅಭ್ಯರ್ಥಿ ಮತ್ತು ಅವರು ನಂಬುವ ಇಬ್ಬರು ಸಾಕು. ಫೋನ್ ಹೊರಗೆ ಇಡಿ. "ನಾವು ಯಾಕೆ ಹೋಗುವುದು ಬೇಡ ಅಂತಿದ್ದೇವೆ?" ಅಂತ ಕೇಳಿಕೊಂಡು, ಬಂದ ಉತ್ತರವನ್ನು ಹಾಗೆಯೇ ಬರೆಯಿರಿ. ಮೊದಲು ಬಾಯಿಗೆ ಬರುವುದು "ಟೈಮ್ ಇಲ್ಲ". ಅದನ್ನು ಬರೆದು, ಕೆಳಗೆ ಗೆರೆ ಎಳೆದು, ಇನ್ನೊಮ್ಮೆ ಕೇಳಿ. ನಿಜವಾದದ್ದು ಎರಡನೇ ಅಥವಾ ಮೂರನೇ ಸಲ ಹೊರಗೆ ಬರುತ್ತದೆ.

ನಾನು ಅತಿ ಹೆಚ್ಚು ಕೇಳಿದ ಕಾರಣ ಇದು: "ನಾವು ಮುಂದಿದ್ದೇವೆ. ಅವನ ಪಕ್ಕ ಕೂತರೆ ಅವನನ್ನು ನಾವೇ ದೊಡ್ಡವನನ್ನಾಗಿ ಮಾಡಿದ ಹಾಗೆ." ಇದು ಸುಳ್ಳಲ್ಲ. 1960ರ ಅಮೆರಿಕದ ಅಧ್ಯಕ್ಷ ಚುನಾವಣೆಯಲ್ಲಿ ರಿಚರ್ಡ್ ನಿಕ್ಸನ್ ಟಿವಿಯಲ್ಲಿ ಜಾನ್ ಕೆನಡಿ ಜೊತೆ ನಾಲ್ಕು ಸಲ ಚರ್ಚೆಗೆ ಕೂತರು, ಸೋತರು. 1968ರಲ್ಲೂ 1972ರಲ್ಲೂ ಚರ್ಚೆಗೆ ಕೂರಲಿಲ್ಲ, ಎರಡೂ ಸಲ ಗೆದ್ದರು. 2023ರ ಆಗಸ್ಟ್‌ನಲ್ಲಿ ಮಿಲ್ವಾಕಿಯಲ್ಲಿ ಶುರುವಾದ ತಮ್ಮ ಪಕ್ಷದ ಚರ್ಚೆಗಳಲ್ಲಿ ಒಂದಕ್ಕೂ ಡೊನಾಲ್ಡ್ ಟ್ರಂಪ್ ಹೋಗಲಿಲ್ಲ. ಆದರೂ ಪಕ್ಷದ ಅಭ್ಯರ್ಥಿ ಅವರೇ ಆದರು. ಹೋದವರಿಗೆ ಪೆಟ್ಟು ಬಿದ್ದದ್ದೂ ಇದೆ. 2024ರ ಜೂನ್ 27ರ ಚರ್ಚೆಯಲ್ಲಿ ಜೋ ಬೈಡನ್ ತಡವರಿಸಿದರು. ಜುಲೈ 21ಕ್ಕೆ ಕಣದಿಂದಲೇ ಹಿಂದೆ ಸರಿದರು.

ಇನ್ನೊಂದು ಕಡೆಯ ಕಥೆಗಳೂ ಇವೆ. 1980ರ ಸೆಪ್ಟೆಂಬರ್‌ನಲ್ಲಿ, ಆಗ ಅಮೆರಿಕದ ಅಧ್ಯಕ್ಷರಾಗಿದ್ದ ಜಿಮ್ಮಿ ಕಾರ್ಟರ್, ಮೂರನೇ ಅಭ್ಯರ್ಥಿ ಜಾನ್ ಆ್ಯಂಡರ್ಸನ್ ಇರುವ ಚರ್ಚೆಗೆ ಬರುವುದಿಲ್ಲ ಅಂದರು. ಎದುರಾಳಿ ರೊನಾಲ್ಡ್ ರೇಗನ್ ಬಂದು ಆ್ಯಂಡರ್ಸನ್ ಎದುರು ಕೂತರು. ಕೊನೆಗೆ ಕಾರ್ಟರ್ ರೇಗನ್ ಜೊತೆ ಚರ್ಚೆಗೆ ಕೂತದ್ದು ಅಕ್ಟೋಬರ್ 28ಕ್ಕೆ, ಮತದಾನಕ್ಕೆ ಒಂದೇ ವಾರ ಇರುವಾಗ. ಅಲ್ಲಿ ಎಡವಿದ್ದನ್ನು ತಿದ್ದಿಕೊಳ್ಳಲು ದಿನಗಳೇ ಉಳಿಯಲಿಲ್ಲ. ಬ್ರಿಟನ್ನಿನ ಪ್ರಧಾನಿಯಾಗಿದ್ದ ತೆರೇಸಾ ಮೇ ಅವರು 2017ರಲ್ಲಿ ಅವಧಿಗೆ ಮೊದಲೇ ಚುನಾವಣೆ ಕರೆದರು. ಮೇ 31ರ ಬಿಬಿಸಿ ಚರ್ಚೆಗೆ ಮಾತ್ರ ತಾವು ಬಾರದೆ ಸಚಿವೆ ಆಂಬರ್ ರಡ್ ಅವರನ್ನು ಕಳಿಸಿದರು. ಜೂನ್ 8ರ ಚುನಾವಣೆಯಲ್ಲಿ ಅವರ ಪಕ್ಷ ಬಹುಮತ ಕಳೆದುಕೊಂಡಿತು. ನಮ್ಮ ದಿಲ್ಲಿಯಲ್ಲೇ 2015ರಲ್ಲಿ ಅರವಿಂದ ಕೇಜ್ರಿವಾಲ್ ಬಹಿರಂಗ ಚರ್ಚೆಗೆ ಕರೆದಾಗ ಬಿಜೆಪಿಯ ಮುಖ್ಯಮಂತ್ರಿ ಅಭ್ಯರ್ಥಿ ಕಿರಣ್ ಬೇಡಿ, ಚರ್ಚೆ ಏನಿದ್ದರೂ ಸದನದಲ್ಲಿ ಅಂದರು. ಬೇಡಿ ಕೃಷ್ಣಾ ನಗರದಲ್ಲಿ ಸೋತರು. 70ರಲ್ಲಿ 67 ಸೀಟು ಕೇಜ್ರಿವಾಲ್ ಪಕ್ಷಕ್ಕೆ ಹೋಯಿತು.

ಈ ಯಾವ ಚುನಾವಣೆಯನ್ನೂ ಚರ್ಚೆಯೊಂದೇ ತೀರ್ಮಾನಿಸಲಿಲ್ಲ. ಆದರೆ ಒಂದು ಸಂಗತಿ ನನಗೆ ಕಾಣುತ್ತದೆ. ಟ್ರಂಪ್ ಬಾರದೆ ಇದ್ದಾಗ ಅವರ ಮತದಾರರು "ಅವರು ಯಾಕೆ ಬರಬೇಕು?" ಅಂದರು. ತೆರೇಸಾ ಮೇ ಬಾರದೆ ಇದ್ದಾಗ "ಚುನಾವಣೆ ಬೇಕು ಅಂದದ್ದು ಇವರೇ ಅಲ್ವಾ?" ಅನ್ನುವ ಪ್ರಶ್ನೆ ಎದ್ದಿತು. ನೀವು ಎಷ್ಟು ಮುಂದಿದ್ದೀರಿ ಅನ್ನುವುದನ್ನಷ್ಟೇ ನೋಡಬೇಡಿ. ನಿಮ್ಮ ಸ್ವಂತ ಮತದಾರ ನೀವು ಬಾರದ್ದನ್ನು ಒಪ್ಪುತ್ತಾನಾ ಅಂತ ನೋಡಿ. ನೂರು, ಇನ್ನೂರು ಮತದಲ್ಲಿ ಗೆಲುವು ಸೋಲು ಆಗುವ ವಾರ್ಡಿನಲ್ಲಂತೂ "ನಾವು ಮುಂದಿದ್ದೇವೆ" ಅನ್ನುವ ಲೆಕ್ಕವನ್ನೇ ನಾನು ನಂಬುವುದಿಲ್ಲ.

ಎರಡನೇ ಕಾರಣ, "ನನಗೆ ಭಾಷಣ ಬರೋದಿಲ್ಲ". ನಮ್ಮ ಕಡೆ ಇದು ತುಂಬಾ. ಮನೆಯಲ್ಲಿ ತುಳು, ಅಂಗಡಿಯಲ್ಲಿ ಬ್ಯಾರಿ, ಚರ್ಚಿನಲ್ಲಿ ಕೊಂಕಣಿ. ವೇದಿಕೆ ಹತ್ತಿದ ಕೂಡಲೇ ಪುಸ್ತಕದ ಕನ್ನಡ ಬರಬೇಕು ಅಂತ ಗಂಟಲು ಕಟ್ಟುತ್ತದೆ. ಇದು ತಪ್ಪಿಸಿಕೊಳ್ಳುವ ಕಾರಣ ಅಲ್ಲ, ಸರಿ ಮಾಡಿಕೊಳ್ಳಬಹುದಾದ ಕಾರಣ. ತುಳುವಿನಲ್ಲಿ ಉತ್ತರ ಹೇಳಬಹುದಾ ಅಂತ ಸಂಘಟಕರನ್ನು ಕೇಳಿ. ಹೆಚ್ಚಿನವರು ಸಂತೋಷದಿಂದ ಒಪ್ಪುತ್ತಾರೆ.

ಇಲ್ಲಿ ಒಂದು ಮಾತು ಹೇಳಲೇಬೇಕು. ನಮ್ಮದು ತಾಳಮದ್ದಳೆಯ, ಅಂದರೆ ಕೂತು ಮಾತಾಡುವ ಯಕ್ಷಗಾನದ ಊರು. ವೇಷ ಇಲ್ಲ, ಕುಣಿತ ಇಲ್ಲ. ಪಾತ್ರಗಳ ಮಾತಾಡುವ ಅರ್ಥಧಾರಿಗಳು ಎದುರೆದುರು ಕೂತು ಮಾತಾಡುವುದನ್ನು ರಾತ್ರಿಯಿಡೀ ಕೇಳಿದ ಜನ ನಾವು. ಬಾಣ ತಾಗಿ ಬಿದ್ದ ವಾಲಿ ರಾಮನನ್ನು ಒಂದೊಂದಾಗಿ ಪ್ರಶ್ನೆ ಕೇಳುವಾಗ, ಕೊನೆಗೆ ಗೆಲ್ಲುವುದು ಯಾರು ಅಂತ ಸಭೆಗೆ ಮೊದಲೇ ಗೊತ್ತಿರುತ್ತದೆ. ಆದರೂ ಕೂತು ಕೇಳುತ್ತಾರೆ. ಸೋಲುವವನು ಹೇಗೆ ಮಾತಾಡಿದ, ಗೆದ್ದವನು ಪ್ರಶ್ನೆಗೆ ಉತ್ತರ ಕೊಟ್ಟನಾ ಅಥವಾ ಜಾರಿಕೊಂಡನಾ ಅಂತ ತೂಗುತ್ತಾರೆ. ಮಾತಿನಲ್ಲಿ ಹಿಂದೆ ಬಿದ್ದವರನ್ನು ಈ ಸಭೆ ಕ್ಷಮಿಸುತ್ತದೆ. ಖಾಲಿ ಕುರ್ಚಿಯನ್ನು ಅಷ್ಟು ಸುಲಭವಾಗಿ ಕ್ಷಮಿಸುವುದಿಲ್ಲ.

ಮೂರನೆಯದು, ಯಾರೂ ಬಾಯಿಬಿಟ್ಟು ಹೇಳದ್ದು: "ಆ ಕೇಸಿನ ವಿಷಯ ಕೇಳಿಬಿಡ್ತಾರೆ." ಕೇಳಲಿ. ಲೋಕಸಭೆ, ವಿಧಾನಸಭೆಗೆ ನಿಂತವರು ನಾಮಪತ್ರದ ಜೊತೆ ಕೊಡುವ ಫಾರ್ಮ್ 26ರ ಅಫಿಡವಿಟ್‌ನಲ್ಲಿ ಅದು ಇದ್ದೇ ಇದೆ. 2018ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ, ಕ್ರಿಮಿನಲ್ ಕೇಸ್ ಇರುವ ಅಭ್ಯರ್ಥಿ ಅದನ್ನು ಪತ್ರಿಕೆ, ಟಿವಿ ಎರಡರಲ್ಲೂ ಮೂರು ಮೂರು ಸಲ ತಾನೇ ಪ್ರಕಟಿಸಬೇಕು. ಊರಿಗೆಲ್ಲ ಗೊತ್ತಿರುವ ವಿಷಯಕ್ಕೆ ಮುಖ ತಪ್ಪಿಸಿಕೊಂಡರೆ, ಇದಕ್ಕಿಂತ ದೊಡ್ಡದು ಇನ್ನೇನೋ ಇದೆ ಅಂತ ಜನ ಅಂದುಕೊಳ್ಳುತ್ತಾರೆ. ವಕೀಲರ ಜೊತೆ ಕೂತು ನಾಲ್ಕು ವಾಕ್ಯದ ಉತ್ತರ ಬರೆದುಕೊಳ್ಳಿ.

ನಾಲ್ಕನೆಯದು, "ನಡೆಸುವವರು ಅವರ ಕಡೆಯವರು". ಇದು ನಿಜ ಇರಬಹುದು. ಇದಕ್ಕೆ ಮುಂದಿನ ಹೆಜ್ಜೆಯಲ್ಲಿ ದಾರಿ ಇದೆ. ಐದನೆಯದು, "ಗಲಾಟೆ ಆಗ್ತದೆ". ನಮ್ಮ ಕರಾವಳಿಯಲ್ಲಿ ಇದನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಸಣ್ಣ ಮಾತು ಎಲ್ಲಿಂದ ಎಲ್ಲಿಗೋ ಹೋಗುತ್ತದೆ. ಠಾಣೆಗೆ ಹೋಗಿ ಮಾತಾಡಿ. ಅಪಾಯ ನಿಜ ಅಂತ ಅವರಿಗೂ ಅನಿಸಿದರೆ ಹೋಗಬೇಡಿ, ಕಾರಣವನ್ನು ಹಾಗೆಯೇ ಹೇಳಿ. ಇದು ಮುಖ ನೋಡಿ ಹೇಳಬಹುದಾದ ಕಾರಣ.

ಕೊನೆಗೆ "ಟೈಮ್ ಇಲ್ಲ" ಅನ್ನುವುದಕ್ಕೆ ಬನ್ನಿ. ಏಪ್ರಿಲ್, ಮೇ ಅಂದರೆ ಮದುವೆ, ದೈವಗಳ ನೇಮ, ದೇವಸ್ಥಾನದ ಬ್ರಹ್ಮಕಲಶ, ಮೇ ಕೊನೆಯ ಪತ್ತನಾಜೆಯ ಮೊದಲು ಮುಗಿಯಬೇಕಾದ ಯಕ್ಷಗಾನ ಮೇಳದ ಆಟ. ಅಭ್ಯರ್ಥಿಗೆ ಒಂದು ಸಂಜೆಗೆ ಏಳೆಂಟು ಕಡೆ ಮುಖ ತೋರಿಸುವುದಿರುತ್ತದೆ. ಅದೆಲ್ಲ ಹೌದು. ಆದರೆ ಮೆಹಂದಿ ಮನೆಗೆ ಹೋಗಲು ಸಮಯ ಇದ್ದು ಚರ್ಚೆಗೆ ಇಲ್ಲ ಅಂದರೆ ಅದು ಸಮಯದ ಪ್ರಶ್ನೆ ಅಲ್ಲ.

ಬರೆದಾಯಿತಾ? ಈಗ ಪರೀಕ್ಷೆ. ಬೆಳಗ್ಗೆ ಮೀನು ಇಳಿಸುವ ಮಂಗಳೂರು ಬಂದರಿನ ದಕ್ಕೆಗೋ ಉಡುಪಿಯ ಮಲ್ಪೆಗೋ ಹೋಗಿ. ಮೀನಿನ ಬುಟ್ಟಿ ಇಟ್ಟುಕೊಂಡು ಕೂತ ನಾಲ್ಕು ಅಕ್ಕಂದಿರ ಎದುರು ಆ ಕಾರಣವನ್ನು, ಒಂದಕ್ಷರ ಬದಲಿಸದೆ, ಹೇಳುವುದನ್ನು ಕಲ್ಪಿಸಿಕೊಳ್ಳಿ. ಬಾಯಿಗೆ ಬಂದರೆ ಸರಿ. ಅಲ್ಲಿ ಅದನ್ನು ತಿದ್ದಿ, ಬಣ್ಣ ಹಚ್ಚಿ ಹೇಳಬೇಕು ಅನಿಸಿದರೆ, ಚರ್ಚೆಗೆ ಹೋಗಲು ತಯಾರಿ ಶುರು ಮಾಡಿ.

ಹೆಜ್ಜೆ 4: ನೋಡುವವರು ಯಾರು?

ಸಭಾಭವನದಲ್ಲಿ ಇನ್ನೂರು ಜನ ಇರಬಹುದು. ಅದರಲ್ಲಿ ಅರ್ಧ ಪಕ್ಷದವರೇ. "ಇಷ್ಟಕ್ಕೆ ಎರಡು ಗಂಟೆ ಹಾಳಾ? ಅಷ್ಟರಲ್ಲಿ ಮೂವತ್ತು ಮನೆ ಮುಗಿಸಬಹುದು" ಅಂತ ಒಬ್ಬ ಹಿರಿಯ ಕಾರ್ಯಕರ್ತರು ಹೇಳಿಯೇ ಹೇಳುತ್ತಾರೆ. ಅವರ ಲೆಕ್ಕ ಹಳೆಯದು. ಚರ್ಚೆಯನ್ನು ಜನ ಈಗ ನೋಡುವುದು ಒಂದು ನಿಮಿಷದ ತುಂಡುಗಳಲ್ಲಿ. ನಮ್ಮ ಕಡೆ ಇನ್ನೊಂದು ವಿಶೇಷ ಇದೆ. ಮುಂಬೈಯಲ್ಲಿರುವ ಅಣ್ಣ, ದುಬೈಯಲ್ಲಿರುವ ಮಗ ಆ ತುಂಡನ್ನು ನೋಡಿ ಊರಿಗೆ ಫೋನ್ ಮಾಡುತ್ತಾರೆ. "ಅಮ್ಮ, ಅವರು ಬರಲೇ ಇಲ್ವಂತೆ" ಅಂತ ಅಲ್ಲಿಂದ ಸುದ್ದಿ ಬರುತ್ತದೆ. ಆ ಮಾತಿಗೆ ನಿಮ್ಮ ಕರಪತ್ರಕ್ಕಿಂತ ತೂಕ ಜಾಸ್ತಿ.

ಬೂತಿನಲ್ಲಿ ದುಡಿಯುವ ಹುಡುಗರನ್ನೂ ಮರೆಯಬೇಡಿ. ನೀವು ಹೋಗದ ಮರುದಿನ ಮನೆಮನೆಗೆ ಹೋಗಿ "ಯಾಕೆ ಬರಲಿಲ್ಲ?" ಅನ್ನುವುದಕ್ಕೆ ಉತ್ತರ ಕೊಡುವವರು ಅವರು.

ಹೆಜ್ಜೆ 5: ಬೇಡ ಅನ್ನುವ ಮೊದಲು ಷರತ್ತು ಕೇಳಿ

ಹೌದು, ಇಲ್ಲ ಎರಡರ ನಡುವೆ ತುಂಬಾ ಜಾಗ ಇದೆ. ನಡೆಸುವವರ ಮೇಲೆ ಅನುಮಾನ ಇದ್ದರೆ ಇಬ್ಬರು ನಡೆಸಲಿ ಅನ್ನಿ. ಎಲ್ಲರಿಗೂ ಒಂದೇ ಸಮಯ, ಎಲ್ಲರಿಗೂ ಕಾಣುವ ಗಡಿಯಾರ, ಒಬ್ಬರು ಮಾತಾಡುವಾಗ ಉಳಿದವರ ಮೈಕ್ ಬಂದ್. ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದು ಡಬ್ಬಿಗೆ ಹಾಕಿ, ಎಲ್ಲರೆದುರು ಎತ್ತುವುದು. ವಿಡಿಯೊ ಪೂರ್ತಿಯಾಗಿ ಹಾಕುವುದು. ಇವೆಲ್ಲ ನ್ಯಾಯವಾದ ಬೇಡಿಕೆಗಳು. ವಿಷಯಗಳ ಪಟ್ಟಿಯನ್ನು ಮೊದಲೇ ಕೇಳಬಹುದು. ಪ್ರಶ್ನೆಗಳನ್ನೇ ಮೊದಲೇ ಕೊಡಿ ಅಂತ ಮಾತ್ರ ಕೇಳಬೇಡಿ. ಕೇಳಿದ ಸಂಗತಿ ಹೊರಗೆ ಬಂದರೆ, ಬಾರದೆ ಇದ್ದದ್ದಕ್ಕಿಂತ ಜಾಸ್ತಿ ಕೆಟ್ಟ ಹೆಸರು.

ಕೇಳಿದ್ದು ಒಪ್ಪಿದರೆ ಹೋಗಲೇಬೇಕು. ಹೋಗುವ ಮನಸ್ಸಿಲ್ಲದೆ ಸುಮ್ನೆ ಷರತ್ತು ಹಾಕುತ್ತಾ ಹೋಗುವುದನ್ನು ನಾನು ಸಂಘಟಕನಾಗಿ ನೋಡಿದ್ದೇನೆ. ಎರಡನೇ ಫೋನಿಗೇ ಗೊತ್ತಾಗಿಬಿಡುತ್ತದೆ.

ಹೆಜ್ಜೆ 6: ಹೋಗುವುದಾದರೆ

ಐದು ದಿನ ಇದ್ದರೆ ಸಾಕು. ಮೊದಲು, ಯಾವುದು ನಿಮ್ಮ ಕೈಯಲ್ಲಿರುವ ಕೆಲಸ, ಯಾವುದು ಅಲ್ಲ ಅಂತ ಪಟ್ಟಿ ಮಾಡಿ. ಪಾಲಿಕೆಗೆ ನಿಂತವರನ್ನು ರಾಷ್ಟ್ರೀಯ ಹೆದ್ದಾರಿ 66ರ ಹೊಂಡದ ಬಗ್ಗೆ ಕೇಳುತ್ತಾರೆ. ಲೋಕಸಭೆಗೆ ನಿಂತವರನ್ನು ಓಣಿಯ ಚರಂಡಿಯ ಬಗ್ಗೆ ಕೇಳುತ್ತಾರೆ. "ಅದು ನಮ್ಮದಲ್ಲ" ಅಂದು ಕೈ ತೊಳೆದುಕೊಳ್ಳಬೇಡಿ. "ಅದು ಕೇಂದ್ರದ ಹೆದ್ದಾರಿ ಪ್ರಾಧಿಕಾರದ ಕೆಲಸ, ನಾನು ಮಾಡಬಹುದಾದದ್ದು ಇಷ್ಟು" ಅನ್ನಿ.

ಊರಿನ ವಿಷಯ ಬಾಯಲ್ಲಿರಲಿ. ಮಂಗಳೂರಾದರೆ ಬೇಸಿಗೆಯಲ್ಲಿ ತುಂಬೆ ಅಣೆಕಟ್ಟಿನ ನೀರು ಇಳಿಯುವುದು, 2019ರ ಮಳೆಗಾಲದಲ್ಲಿ ಪಚ್ಚನಾಡಿಯ ಕಸದ ರಾಶಿ ಮಂದಾರದ ಮನೆ, ತೋಟಗಳ ಮೇಲೆ ಜಾರಿದ್ದು, ಉಳ್ಳಾಲದ ಕಡಲ್ಕೊರೆತ. ಉಡುಪಿಯಾದರೆ ಸ್ವರ್ಣಾ ನದಿಯ ಬಜೆ ಅಣೆಕಟ್ಟು, ಮಲ್ಪೆ ಬಂದರು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆ ನಿಲ್ಲುವ ಎರಡು ತಿಂಗಳು ಮನೆ ಹೇಗೆ ನಡೆಯುತ್ತದೆ ಅನ್ನುವುದನ್ನು ತಿಳಿಯದೆ ಮಲ್ಪೆಯಲ್ಲಿ ವೇದಿಕೆ ಹತ್ತಬೇಡಿ.

ಆಮೇಲೆ ಅಭ್ಯಾಸ. ಕಚೇರಿಯ ಹಿಂದಿನ ಕೋಣೆ, ಒಂದು ಮೇಜು, ಫೋನಿನಲ್ಲಿ 90 ಸೆಕೆಂಡಿನ ಟೈಮರ್. ನಿಮ್ಮ ತಂಡದಲ್ಲಿ ನಾಲಿಗೆ ಹರಿತ ಇರುವವರೊಬ್ಬರನ್ನು ಎದುರಾಳಿಯಾಗಿ ಕೂರಿಸಿ. ಮುಲಾಜಿಲ್ಲದೆ ಕೇಳಲಿ. ಮೊದಲ ದಿನ ಅಭ್ಯರ್ಥಿಗೆ ಸಿಟ್ಟು ಬರುತ್ತದೆ. ಆ ಸಿಟ್ಟು ವೇದಿಕೆಯ ಮೇಲೆ ಬರುವುದಕ್ಕಿಂತ ಆ ಕೋಣೆಯಲ್ಲೇ ಬಂದು ಹೋಗಲಿ. "ನನಗೆ ಗೊತ್ತಿಲ್ಲ, ಎರಡು ದಿನದಲ್ಲಿ ತಿಳಿದುಕೊಂಡು ಹೇಳ್ತೇನೆ" ಅನ್ನುವ ವಾಕ್ಯವನ್ನೂ ಅಭ್ಯಾಸ ಮಾಡಿಸಿ. ಎಲ್ಲಕ್ಕಿಂತ ಕಷ್ಟದ ವಾಕ್ಯ ಅದೇ.

ಒಂದು ಎಚ್ಚರಿಕೆ. ಬಿಸಿಯಲ್ಲಿ ಜಾತಿ, ಧರ್ಮದ ಹೆಸರಲ್ಲಿ ಮತ ಕೇಳಿದರೆ, ಅಥವಾ ಎದುರಾಳಿಯ ನಡತೆಯ ಬಗ್ಗೆ ಸುಳ್ಳೆಂದು ಗೊತ್ತಿದ್ದೂ ಹೇಳಿದರೆ, ಲೋಕಸಭೆ, ವಿಧಾನಸಭೆ ಚುನಾವಣೆಯಲ್ಲಿ ಜನತಾ ಪ್ರಾತಿನಿಧ್ಯ ಕಾಯ್ದೆಯ 123ನೇ ಸೆಕ್ಷನ್ ಪ್ರಕಾರ ಅದು ಚುನಾವಣಾ ಭ್ರಷ್ಟಾಚಾರ. ಫಲಿತಾಂಶ ಬಂದು 45 ದಿನದೊಳಗೆ ಹೈಕೋರ್ಟಿಗೆ ಹೋಗಬಹುದು. ಗೆದ್ದ ಸೀಟೂ ಹೋಗಬಹುದು. ವಿಡಿಯೊ ಇದ್ದೇ ಇರುತ್ತದೆ.

ಹೆಜ್ಜೆ 7: ಹೋಗದೆ ಇರುವುದಾದರೆ

ನಿಮ್ಮ ಕಾರಣ ದಕ್ಕೆಯ ಪರೀಕ್ಷೆಯಲ್ಲಿ ಪಾಸಾಗಿದೆ, ಷರತ್ತಿನ ಮಾತೂ ಮುಗಿದಿದೆ, ಆದರೂ ಹೋಗುವುದು ಬೇಡ ಅಂತಾಯಿತು. ಸರಿ. ಇದನ್ನೂ ಮರ್ಯಾದೆಯಿಂದ ಮಾಡಬಹುದು.

ಎರಡು ದಿನ ಮೊದಲೇ ಹೇಳಿ. ಆಪ್ತರ ಕೈಯಲ್ಲಿ ಹೇಳಿಸಬೇಡಿ, ಅಭ್ಯರ್ಥಿಯೇ ಫೋನ್ ಮಾಡಲಿ. ಆಮೇಲೆ ಸಹಿ ಹಾಕಿದ ಒಂದು ಪುಟದ ಪತ್ರ. ಅದರಲ್ಲಿ ಒಂದೇ ಕಾರಣ ಇರಲಿ. ಮೂರು ಕಾರಣ ಕೊಟ್ಟರೆ ಒಂದನ್ನೂ ನಂಬುವುದಿಲ್ಲ. ಆ ಪತ್ರವನ್ನು ಸಭೆಯಲ್ಲಿ ಓದಿ ಹೇಳಿ ಅಂತ ಕೇಳಿಕೊಳ್ಳಿ.

ಕಾಯಿಲೆಯ ಸುಳ್ಳು ಹೇಳಬೇಡಿ. ಅದು ಎಷ್ಟು ದಿನ ಹಿಂಬಾಲಿಸುತ್ತದೆ ಅಂತ ನನಗೆ ಗೊತ್ತು.

ಅದೇ ಹೊತ್ತಿಗೆ ರೋಡ್ ಶೋ ಇಡಬೇಡಿ. ಸಭಾಭವನದವರಿಗೆ ಫೋನ್ ಮಾಡಿಸಿ ಜಾಗ ಕೊಡದ ಹಾಗೆ ಮಾಡುವುದು, ಸಂಘಟಕರನ್ನು ಗ್ರೂಪಿನಲ್ಲಿ ಹೀಯಾಳಿಸುವುದು, ಇದೆಲ್ಲ ನಿಮ್ಮ ಹುಡುಗರು ಉತ್ಸಾಹದಲ್ಲಿ ಮಾಡುವ ಕೆಲಸ. ಮೊದಲೇ ಕೂರಿಸಿ ಬೇಡ ಅನ್ನಿ. "ಯಾಕೆ ಬರಲಿಲ್ಲ?" ಅಂದರೆ ಎಲ್ಲರ ಬಾಯಲ್ಲೂ ಪತ್ರದಲ್ಲಿರುವ ಅದೇ ಮಾತು ಬರಲಿ.

ಬದಲಿಗೆ ಬೇರೆಯವರನ್ನು ಕಳಿಸಬಹುದಾ? ಸಂಘಟಕರು ಒಪ್ಪಿದರೆ, ವಿಷಯ ಗೊತ್ತಿರುವ ಹಿರಿಯರನ್ನು ಕಳಿಸಬಹುದು. ಆದರೆ ಒಂದನ್ನು ಮಾತ್ರ ಕೈ ಮುಗಿದು ಕೇಳುತ್ತೇನೆ. ಮಹಿಳಾ ಮೀಸಲು ವಾರ್ಡಿನಲ್ಲಿ ಅಭ್ಯರ್ಥಿ ಹೆಂಡತಿ, ಚರ್ಚೆಗೆ ಬಂದು ಕೂರುವವರು ಗಂಡ. ಇದನ್ನು ಎಷ್ಟು ಸಲ ನೋಡಿದ್ದೇನೋ ಲೆಕ್ಕ ಇಲ್ಲ. ಬೇಡ. ಮನೆ, ಸ್ವಸಹಾಯ ಸಂಘ, ಬ್ಯಾಂಕಿನ ಲೆಕ್ಕ ಎಲ್ಲ ನಡೆಸುವ ಆ ಅಕ್ಕನಿಗೆ ವಾರ್ಡಿನ ನಳ್ಳಿ ನೀರಿನ ಬಗ್ಗೆ ಗಂಡನಿಗಿಂತ ಚೆನ್ನಾಗಿ ಗೊತ್ತಿರುತ್ತದೆ. ಎರಡು ನಿಮಿಷ ಅವರೇ ಮಾತಾಡಲಿ, ತಡವರಿಸಿದರೂ ಸರಿ. ಅಷ್ಟೂ ಆಗದಿದ್ದರೆ ಕುರ್ಚಿ ಖಾಲಿಯೇ ಇರಲಿ. ಗಂಡ ಕೂರುವುದು ಮಾತ್ರ ಬೇಡ.

ಇನ್ನು ಕೊನೆಯ ಕೆಲಸ. ಚರ್ಚೆಯಲ್ಲಿ ನಿಮಗೆ ಅಂತ ಬಂದ ಪ್ರಶ್ನೆಗಳನ್ನು ಸಂಘಟಕರಿಂದ ತೆಗೆದುಕೊಳ್ಳಿ. ಮೂರು ನಾಲ್ಕು ದಿನದೊಳಗೆ, ಪ್ರಚಾರ ನಿಲ್ಲುವ ಮೊದಲು, ಅದೇ ಊರಿಗೆ ಹೋಗಿ ಉತ್ತರ ಕೊಡಿ.

ಉಡುಪಿ ಕಡೆಯ ಒಂದು ಪಂಚಾಯತ್ ಚುನಾವಣೆಯಲ್ಲಿ ಇದನ್ನು ಕಣ್ಣಾರೆ ನೋಡಿದೆ. ಚರ್ಚೆಯ ದಿನ ಮಧ್ಯಾಹ್ನ ನಾಡದೋಣಿಯೊಂದು ಮಗುಚಿತು, ಒಬ್ಬರು ಸಿಗಲಿಲ್ಲ. ಅಭ್ಯರ್ಥಿ ಮೂರು ಗಂಟೆಗೆ ನನಗೇ ಫೋನ್ ಮಾಡಿದರು. ಆಗ ನಾನು ಸಂಘಟಕರ ಕಡೆ ಇದ್ದೆ. "ಅಣ್ಣ, ನಾನು ಕಡಲಕರೆಯಲ್ಲಿದ್ದೇನೆ. ಆ ಮನೆಯವರನ್ನು ಬಿಟ್ಟು ಇವತ್ತು ಬರೋದಿಲ್ಲ. ಜನರಿಗೆ ಹೀಗೇ ಹೇಳಿ. ಚೀಟಿ ತೆಗೆದಿಡಿ." ಅಷ್ಟೇ. ಸಭೆಯಲ್ಲಿ ಹಾಗೆಯೇ ಹೇಳಿದೆ. ಒಬ್ಬರೂ ಗೊಣಗಲಿಲ್ಲ. ಎದುರಾಳಿಯೇ ಎದ್ದು, ಇವತ್ತು ಬೇಗ ಮುಗಿಸುವ ಅಂದರು.

ನಾಲ್ಕನೇ ದಿನ ಸಂಜೆ ಅವರು ಬಂದರು. ಸಭಾಭವನ ಸಿಗಲಿಲ್ಲ. ಮೀನು ಒಣಗಿಸುವ ಅಂಗಳದಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಸಿದೆವು. ನಾನು ತೆಗೆದಿಟ್ಟ 19 ಚೀಟಿಗಳನ್ನು ಮಡಿಲಿಗೆ ಹಾಕಿಕೊಂಡು ಒಂದೊಂದನ್ನೇ ಬಿಡಿಸಿ ಓದಿದರು. ಹನ್ನೆರಡಕ್ಕೆ ಉತ್ತರ ಹೇಳಿದರು. ಐದನ್ನು "ತಿಳಿದು ಹೇಳ್ತೇನೆ" ಅಂತ ಬೇರೆ ಇಟ್ಟುಕೊಂಡರು. ಎರಡಕ್ಕೆ "ಇದು ಪಂಚಾಯತಿಯಿಂದ ಆಗೋದಿಲ್ಲ" ಅಂದರು. ಅಷ್ಟರಲ್ಲಿ ಕತ್ತಲಾಗಿತ್ತು. ಕೊನೆಯ ಚೀಟಿಯನ್ನು ಅವರು ಓದಿದ್ದು ಯಾರೋ ಹಿಡಿದ ಮೊಬೈಲ್ ಬೆಳಕಿನಲ್ಲಿ. ಅದರಲ್ಲಿ ಬರೆದಿತ್ತು: ಈ ದಾರಿಗೆ ದೀಪ ಯಾವಾಗ?